ಎರಡನೇ ಡಿಕಾಕ್ಷನ್

(ಮೈಸೂರು, ಜನವರಿಯ ಒಂದು ಭಾನುವಾರ. ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಇಬ್ಬರು ಬೇಳೆ ಹಿತಕುತ್ತಿದ್ದಾರೆ. ಒಬ್ಬರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಇನ್ನೊಬ್ಬ ಅವರ ತಮ್ಮನ ಮಗ. ಬೆಂಗಳೂರಿನಲ್ಲಿ ಕೆಲಸ, ಹೆಂಡತಿಗೂ ಕೆಲಸ, ಶಾಲೆಗೆ ಹೋಗುವ ಒಬ್ಬಳು ಮಗಳು.)

ಅಳಿಯ: ಅತ್ತೆ, ಹಿತಕಿದ ಬೇಳೆ ಈಗ ರೆಡಿಯಾಗೇ ಸಿಗುತ್ತೆ. ಗಾಂಧಿಬಜಾರಲ್ಲಿ ಪ್ಯಾಕೆಟ್ ಕಟ್ಟಿ ಮಾರ್ತಾರೆ. ಸೀಸನ್ ಬಂತು ಅಂದರೆ ಅವರೆ ಮೇಳ ಬೇರೆ. ಅವರೆ ದೋಸೆ, ಅವರೆ ಜಿಲೇಬಿ, ಏನು ಬೇಕಾದರೂ ಇರುತ್ತೆ. ನೀವು ಯಾಕೆ ಇಷ್ಟು ಕಷ್ಟಪಡ್ತೀರಿ?

ಅತ್ತೆ: ಇಲ್ಲೂ ದೇವರಾಜ ಮಾರುಕಟ್ಟೇಲಿ ಸಿಗುತ್ತೆ ಕಣೋ. ಕೈಲಾಗದ ದಿನ ನಾನೂ ಅದನ್ನೇ ತರಿಸ್ತೀನಿ. ಇವತ್ತು ನೀನು ಬರ್ತೀಯ ಅಂತ ಕಾಯಿ ತಂದು, ಸುಲಿದು, ರಾತ್ರಿನೇ ನೆನೆಹಾಕಿದೆ. ಇಲ್ಲದಿದ್ದರೆ ನೀನು ಕಾಫಿ ಕುಡಿದು ಫೋನ್ ನೋಡ್ತಾ ಕೂತಿರ್ತಿದ್ದೆ. ಈಗ ಕೈ ಒದ್ದೆ, ಫೋನ್ ಮುಟ್ಟೋ ಹಾಗಿಲ್ಲ, ನನ್ನ ಜೊತೆ ಮಾತಾಡಲೇಬೇಕು. ಅಷ್ಟು ಒತ್ತಬೇಡ, ನಜ್ಜುಗುಜ್ಜಾಗುತ್ತೆ. ಹೆಬ್ಬೆರಳು, ತೋರುಬೆರಳು ಎರಡರ ನಡುವೆ ಹಿಡಿದು ಒಂದು ತುದೀಲಿ ಮೆಲ್ಲಗೆ ಅದುಮು. ಬೇಳೆ ತಾನೇ ಜಾರಿ ಬರುತ್ತೆ.

ಅಳಿಯ: ಬಂತು. ಇದು ಚೆನ್ನಾಗಿದೆ.

ಅತ್ತೆ: ಹೂಂ. ಈಗ ಹೇಳು, ಬಂದಾಗಿಂದ ಮುಖ ಸಣ್ಣ ಮಾಡ್ಕೊಂಡಿದ್ದೀಯಲ್ಲ, ಮನೇಲಿ ಏನಾದರೂ ಆಯ್ತಾ?

ಅಳಿಯ: ಆಗಿದ್ದೇನೂ ಇಲ್ಲ. ಏನೂ ಆಗ್ತಿಲ್ಲ ಅನ್ನೋದೇ ಬೇಜಾರು. ಬೆಳಗ್ಗೆ ಎದ್ದರೆ ಓಟ, ರಾತ್ರಿ ಬಂದರೆ ಸುಸ್ತು. ನಾವಿಬ್ಬರೂ ಮಾತಾಡೋದು ಅಂದರೆ ಸ್ಕೂಲ್ ಫೀಸು, ಕರೆಂಟ್ ಬಿಲ್ಲು, ಕೆಲಸದವಳು ಬರ್ತಾಳೋ ಇಲ್ಲವೋ ಅನ್ನೋದು, ಅಷ್ಟೇ. ಜಗಳ ಇಲ್ಲ, ಪ್ರೀತಿ ಇಲ್ಲ ಅಂತಲೂ ಅಲ್ಲ. ಆದರೆ ಮನೆ ಲಾಡ್ಜ್ ಥರ ಆಗಿಬಿಟ್ಟಿದೆ. ಬರ್ತೀವಿ, ಮಲಗ್ತೀವಿ, ಹೋಗ್ತೀವಿ. ಎಲ್ಲಾದರೂ ಟ್ರಿಪ್ ಹೋದಾಗ ಮಾತ್ರ ಮನುಷ್ಯರ ಥರ ಇರ್ತೀವಿ. ಸಕಲೇಶಪುರಕ್ಕೆ ಹೋದರೆ ಬೆಟ್ಟ ಕಾಣುತ್ತೆ, ಮಂಜು ಕಾಣುತ್ತೆ. ಮನೇಲಿ ನೋಡೋಕೆ ಏನಿದೆ ಹೇಳಿ?

ಅತ್ತೆ: ಮನೇಲಿ ಕೂತು ನೋಡಿದರೆ ಏನೂ ಕಾಣಲ್ಲ. ಅದು ನಿಜ. ಬೆಟ್ಟ ಹಾಗಲ್ಲ, ನೀನು ಸುಮ್ಮನೆ ನಿಂತರೂ ಚೆನ್ನಾಗಿರುತ್ತೆ. ಅದನ್ನ ನೀನು ಮಾಡಬೇಕಾಗಿಲ್ಲ. ಮನೇನ ದಿನಾ ಯಾರಾದರೂ ಮಾಡ್ತಾ ಇರಬೇಕು. ಮಾಡೋ ಕೈಗೆ ಮಾತ್ರ ಅದರ ಚೆಲುವು ಗೊತ್ತಾಗೋದು.

ಅಳಿಯ: ಇದು ಹಳೇ ಮಾತಾಯ್ತು ಅತ್ತೆ. ಮನೆಗೆಲಸದಲ್ಲಿ ಸೊಬಗಿದೆ, ಗೃಹಿಣಿ ಅಂದರೆ ದೇವತೆ ಅಂತ ಹೊಗಳಿ ಹೊಗಳಿ ಹೆಂಗಸರನ್ನ ದುಡಿಸಿದ್ದು ಸಾಲದಾ? ನನ್ನ ಹೆಂಡತಿ ಮುಂದೆ ಈ ಮಾತು ಆಡಿದರೆ ಸುಮ್ಮನಿರಲ್ಲ. ಅವಳೇ ಒಂದು ಸಲ ತೋರಿಸಿದಳು, ಸರ್ಕಾರದ ಸಮಯ ಬಳಕೆ ಸಮೀಕ್ಷೆ, 2019ರದ್ದು. ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡ್ತಿದ್ದರು. ಗಂಡಸರದ್ದು 97 ನಿಮಿಷ. ಅದೂ ಮನೆಗೆಲಸ ಮಾಡೋ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26 ಜನ ಮಾತ್ರ ಇದ್ದರು.

ಅತ್ತೆ: ಐದು ಗಂಟೆ ಹತ್ತಿರ ಬಂತಲ್ಲ. ನಾನು ಸ್ಕೂಲಲ್ಲಿ ಪಾಠ ಮಾಡ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅದಕ್ಕೆ ಸಂಬಳ, ಪಿಂಚಣಿ ಎರಡೂ ಬಂತು. ನಿನ್ನ ಹೆಂಡತಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮಮ್ಮ ಒರಳುಕಲ್ಲಲ್ಲಿ ರುಬ್ಬಿ ರುಬ್ಬಿ ಕೊನೆಗಾಲದಲ್ಲಿ ಬಲಗೈ ಮೇಲಕ್ಕೆ ಎತ್ತೋಕೆ ಆಗ್ತಿರಲಿಲ್ಲ, ನೀನು ಚಿಕ್ಕವನು, ನೋಡಿಲ್ಲ. ಮಿಕ್ಸಿ ಬಂದ ದಿನ ನಾನು ಅದಕ್ಕೆ ಕುಂಕುಮ ಇಟ್ಟೆ. ಒರಳುಕಲ್ಲಿನ ಚಟ್ನಿ ರುಚಿಯೇ ಬೇರೆ ಅಂತ ಹೇಳೋರನ್ನ ಕೇಳಿ ನೋಡು, ಅವರಲ್ಲಿ ರುಬ್ಬಿದವರು ಎಷ್ಟು ಜನ ಅಂತ. ಗ್ಯಾಸು, ಮಿಕ್ಸಿ, ವಾಷಿಂಗ್ ಮಷೀನು ಮನೆಗೆ ಬಂದ ದೊಡ್ಡ ಪುಣ್ಯ. ಆ ಕಾಲ ವಾಪಸ್ ಬರಲಿ ಅಂತ ನಾನು ಯಾವತ್ತೂ ಅನ್ನಲ್ಲ.

ಅಳಿಯ: ಮತ್ತೆ ಮಾಡೋ ಕೈಗೇ ಚೆಲುವು ಗೊತ್ತಾಗೋದು ಅಂದಿರಿ?

ಅತ್ತೆ: ಎರಡೂ ನಿಜ ಅಂತಲೇ ನನ್ನ ತಕರಾರು ಇರೋದು. ಬೀಸುಕಲ್ಲಿನ ಪದ ಕೇಳಿದ್ದೀಯಲ್ಲ? ವಿಜಯಪುರದ ಕಡೆ ಹಲಸಂಗಿ ಅಂತ ಊರು. ಮಧುರಚೆನ್ನರು, ಅವರ ಗೆಳೆಯರು ಆ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನ ಕೇಳಿ ಬರಕೊಂಡು 1931ರಲ್ಲಿ ‘ಗರತಿಯ ಹಾಡು’ ಅಂತ ಪುಸ್ತಕ ಮಾಡಿದರು. ಅದರ ತುಂಬ ಏನಿದೆ ಅಂತೀಯ? ತವರು, ಅಣ್ಣತಮ್ಮ, ಅತ್ತೆಮನೆ, ತೊಟ್ಟಿಲ ಕೂಸು. ನಸುಕಿನಲ್ಲಿ ಎದ್ದು ಜೋಳ ಬೀಸ್ತಾ ಕಟ್ಟಿದ ಹಾಡುಗಳು. ಓದು ಬರಹ ಬಾರದ ಹೆಂಗಸರು, ಹೆಸರನ್ನೂ ಉಳಿಸಿ ಹೋಗಲಿಲ್ಲ. ಕನ್ನಡದ ದೊಡ್ಡ ಕವಿಗಳೆಲ್ಲ ಅದಕ್ಕೆ ತಲೆಬಾಗಿದರು. ಬೀಸುಕಲ್ಲು ಹಿಂಸೆ ಅಂತಲೂ ಆ ಹಾಡಲ್ಲಿದೆ, ಮಗು ನಕ್ಕರೆ ಆಗೋ ಸಂತೋಷವೂ ಇದೆ. ಎರಡರಲ್ಲಿ ಒಂದನ್ನ ಮುಚ್ಚಿಟ್ಟು ಅವರು ಹಾಡಲಿಲ್ಲ. ನಾವು ಮಾತ್ರ ಈಗ ಒಂದೋ ಪೂಜೆ ಮಾಡ್ತೀವಿ, ಇಲ್ಲ ಬೈತೀವಿ.

ಅಳಿಯ: ಕವಿಗಳು ಅಂದಿರಲ್ಲ, ಕೆ.ಎಸ್. ನರಸಿಂಹಸ್ವಾಮಿಯವರು ಇದನ್ನೇ ಬರೆದದ್ದು ಅಲ್ಲವಾ? ನಮ್ಮಪ್ಪ ‘ಮೈಸೂರ ಮಲ್ಲಿಗೆ’ ಕ್ಯಾಸೆಟ್ ಹಾಕ್ಕೊಂಡು ಕೂರ್ತಿದ್ದರು.

ಅತ್ತೆ: ಹೌದು. 1942ರಲ್ಲಿ ಬಂದ ಪುಸ್ತಕ. ಗುಮಾಸ್ತರಾಗಿ ಸರ್ಕಾರಿ ಕಚೇರಿಯಲ್ಲಿ ದುಡಿದ ಮನುಷ್ಯ ಅವರು. ರಾಜರಾಣಿಯರನ್ನ ಬಿಟ್ಟು, ಮದುವೆಯಾದ ಸಾಮಾನ್ಯ ಗಂಡಹೆಂಡಿರ ಪ್ರೀತಿಯನ್ನ ಹಾಡು ಮಾಡಿದರು. ತವರಿಗೆ ಹೋದ ಹೆಂಡತಿ, ಬಾಗಿಲಿಗೆ ಬಂದ ಬಳೆಗಾರ, ಇಂಥದ್ದೇ. ಹಾಡು ಸಾಲದೆ 1992ರಲ್ಲಿ ನಾಗಾಭರಣರು ಸಿನಿಮಾನೂ ಮಾಡಿದರು. ಮದುವೆ ಮನೆಗಳಲ್ಲಿ ಇವತ್ತಿಗೂ ಹಾಡ್ತಾರೆ. ಆದರೆ ನಿಮ್ಮಪ್ಪ ಕ್ಯಾಸೆಟ್ ಹಾಕ್ಕೊಂಡು ಕೂತಾಗ ನಿಮ್ಮಮ್ಮ ಎಲ್ಲಿರ್ತಿದ್ದಳು?

ಅಳಿಯ: ಅಡುಗೆಮನೇಲಿ.

ಅತ್ತೆ: ನಿಮ್ಮಪ್ಪ ನನ್ನ ತಮ್ಮ, ಅವನ ಮೇಲೆ ದೂರು ಹೇಳೋಕೆ ಅಲ್ಲ ಈ ಮಾತು. ಅವಳೂ ಆ ಹಾಡನ್ನ ಅಲ್ಲಿಂದಲೇ ಕೇಳಿಸ್ಕೊತಿದ್ದಳು, ಖುಷಿಯಾಗೇ ಇದ್ದಳು. ಆದರೆ ಎಲ್ಲ ಮನೆಯೂ ಹಾಗಿರಲ್ಲ. ಇದೇ ಮೈಸೂರಲ್ಲಿದ್ದ ತ್ರಿವೇಣಿಯವರು ‘ಶರಪಂಜರ’ ಬರೆದರಲ್ಲ, ಪುಟ್ಟಣ್ಣ ಸಿನಿಮಾ ಮಾಡಿದ್ದು. ಹೊರಗಿಂದ ನೋಡಿದರೆ ಎಷ್ಟು ಅಂದವಾದ ಮನೆ ಅದು! ಆ ಕಥೆಯ ನಾಯಕಿಯ ಮನಸ್ಸು ಕೆಟ್ಟು, ವಾಸಿಯಾಗಿ ಮನೆಗೆ ಬಂದರೆ ಒಬ್ಬರೂ ಅವಳನ್ನ ಮೊದಲಿನ ಹಾಗೆ ನೋಡಲ್ಲ. ಹುಚ್ಚಿ ಅನ್ನೋ ಕಣ್ಣಲ್ಲೇ ನೋಡ್ತಾರೆ. ಕರ್ಟನ್ನು, ಸೋಫಾ, ಹೂದಾನಿ ಎಲ್ಲ ಇದ್ದೂ ಆ ಮನೆ ಅವಳನ್ನ ನುಂಗಿಹಾಕುತ್ತೆ. ಅದಕ್ಕೇ ನಾನು ಚೆಲುವು ಅಂದಾಗ ಅಲಂಕಾರದ ಮಾತಾಡ್ತಿಲ್ಲ. ಆ ಕಾಳು ಈ ಕಡೆ ತಳ್ಳು. ಸಿಪ್ಪೆ ಬೇರೆ ತಟ್ಟೆಗೆ.

ಅಳಿಯ: ಹಾಗಾದರೆ ಯಾವುದರ ಮಾತು?

ಅತ್ತೆ: ಒಬ್ಬರು ಇನ್ನೊಬ್ಬರನ್ನ ಚೂರುಚೂರಾಗಿ ತಿಳಕೊಳ್ಳೋದು ಇದೆಯಲ್ಲ, ಅದು. ನಿಮ್ಮ ಮಾವನಿಗೆ ಅನ್ನ ಉದುರುದುರಾಗಿರಬೇಕು, ನಮ್ಮ ಮಾವನವರಿಗೆ ಹಲ್ಲಿರಲಿಲ್ಲ, ಮೆತ್ತಗಿರಬೇಕಿತ್ತು. ಒಂದೇ ಕುಕ್ಕರಲ್ಲಿ ಎರಡು ಪಾತ್ರೆ, ಎರಡು ಅಳತೆ ನೀರು. ದೊಡ್ಡವನಿಗೆ ಪರೀಕ್ಷೆ ಹತ್ತಿರ ಬಂದರೆ ಹೊಟ್ಟೆನೋವು ಬರ್ತಿತ್ತು. ಚಿಕ್ಕವಳು ಸುಳ್ಳು ಹೇಳೋವಾಗ ಜಡೆ ತುದಿ ಹಿಡ್ಕೊಳ್ಳೋಳು. ಇದನ್ನೆಲ್ಲ ಯಾರೂ ಯಾವ ಪುಸ್ತಕದಲ್ಲೂ ಬರೆದಿಡಲ್ಲ. ಇಷ್ಟು ಸಣ್ಣ ಸಣ್ಣದು ಗೊತ್ತಿರೋ ಒಬ್ಬರು ಮನೇಲಿದ್ದರೆ, ಆ ಮನೆ ಮಕ್ಕಳು ಎಲ್ಲಿ ಹೋದರೂ ಧೈರ್ಯವಾಗಿರ್ತಾರೆ. ಇಷ್ಟು ಜನರಿದ್ದಾರೆ ಪ್ರಪಂಚದಲ್ಲಿ, ನಿನ್ನ ಅನ್ನದ ಹದ ಗೊತ್ತಿರೋರು ಎಷ್ಟು ಜನ?

ಅಳಿಯ: ಅಮ್ಮ ಇದ್ದಳು. ಈಗ... ಇವಳಿಗೆ ಗೊತ್ತು.

ಅತ್ತೆ: ಅವಳದ್ದು ನಿನಗೆ ಗೊತ್ತಾ?

ಅಳಿಯ: ...

ಅತ್ತೆ: ಹೋಗಲಿ, ನೀನೊಬ್ಬನೇ ಅಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಷ್ಟು ವರ್ಷ ಪಾಠ ಮಾಡಿದ್ದೀನೋ. ಹನ್ನೆರಡನೇ ಶತಮಾನ, ಕಲ್ಯಾಣ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಈ ಆಸೆ ನಮಗೆ ಬೇಡ, ಹೆಚ್ಚಿನದನ್ನ ಅಲ್ಲೇ ಸುರಿದು ಬಾ ಅಂತ ಅವಳು ಕಳಿಸಿದಳು. ಎಲ್ಲರೂ ಇದನ್ನ ತ್ಯಾಗದ ಕಥೆ, ವೈರಾಗ್ಯದ ಕಥೆ ಅಂತ ಹೇಳ್ತಾರೆ. ನನಗೆ ಮಾತ್ರ ಬೇರೆ ಕಾಣುತ್ತೆ. ಗಂಡ ತಂದ ಗಂಟು ಕೈಗೆ ಬಂದ ಕೂಡಲೇ ಇದು ಹೆಚ್ಚು ಅಂತ ಅವಳಿಗೆ ಹೇಗೆ ಗೊತ್ತಾಯ್ತು? ದಿನಾ ಅಳೆದು ಬೇಯಿಸೋಳಿಗೆ ಅಷ್ಟು ಗೊತ್ತಾಗದೆ ಇರುತ್ತಾ? ಧರ್ಮ ಯಾವುದು ಅಂತ ಅವಳು ತೀರ್ಮಾನ ಮಾಡಿದ್ದು ಅಡುಗೆಮನೆಯ ಅಳತೆಯಿಂದ. ಅವಳ ವಚನಗಳು ಉಳಿದಿವೆ. ಭತ್ತ ಕುಟ್ಟುತ್ತಿದ್ದ ಕೊಟ್ಟಣದ ಸೋಮಮ್ಮ, ಕಸ ಗುಡಿಸುತ್ತಿದ್ದ ಸತ್ಯಕ್ಕ, ಅವರ ವಚನಗಳೂ ಉಳಿದಿವೆ. ಕಸಗುಡಿಸೋದು, ಕುಟ್ಟೋದು ಕಾಯಕ, ಯಾವ ಜಪಕ್ಕೂ ಕಮ್ಮಿಯಲ್ಲ ಅಂತ ಎದ್ದುನಿಂತು ಹೇಳಿದ ನಾಡು ಇದು. ಆಮೇಲೆ ನಾವೇ ಅದನ್ನ ಹೆಂಗಸರ ಕೆಲಸ ಮಾಡಿ ಮೂಲೆಗೆ ತಳ್ಳಿದ್ದು.

ಅಳಿಯ: ಇದನ್ನ ಒಪ್ತೀನಿ. ಆದರೆ ಬೆಳಗ್ಗೆ ಗುಡಿಸಿದ್ದು ಸಂಜೆಗೆ ಕಸ, ಮಧ್ಯಾಹ್ನ ತೊಳೆದ ಪಾತ್ರೆ ರಾತ್ರಿಗೆ ಎಂಜಲು. ಆಫೀಸಲ್ಲಿ ಒಂದು ಕೆಲಸ ಮುಗಿಸಿದರೆ ಮುಗೀತು ಅಂತ ಇರುತ್ತೆ. ಮನೇಲಿ ಕೊನೇನೇ ಇಲ್ಲ. ಇದರಲ್ಲಿ ಅರ್ಥ ಹುಡುಕೋದು ಹೇಗೆ?

ಅತ್ತೆ: ಫ್ರಿಜ್ ಪಕ್ಕದಲ್ಲಿ ಬಟ್ಟೆ ಸುತ್ತಿಟ್ಟ ಪಾತ್ರೆ ನೋಡಿದೆಯಾ? ಮೊಸರು. ಚಳಿಗಾಲದಲ್ಲಿ ಬೇಗ ಹೆಪ್ಪಾಗಲ್ಲ, ಅದಕ್ಕೆ ಸುತ್ತಿಟ್ಟಿದ್ದು. ಹಾಲು ಉಗುರುಬೆಚ್ಚಗಿರಬೇಕು. ತೀರಾ ಬಿಸಿಯಾದರೆ ಹೆಪ್ಪಿನಲ್ಲಿರೋ ಬ್ಯಾಕ್ಟೀರಿಯಾ ಸಾಯುತ್ತೆ, ತಣ್ಣಗಿದ್ದರೆ ಬೆಳೆಯಲ್ಲ. ಅದು ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತೆ, ಆ ಹುಳಿಗೆ ಹಾಲು ಗಟ್ಟಿಯಾಗುತ್ತೆ. ಹಾಗಂತ ನಮ್ಮ ಸ್ಕೂಲಿನ ವಿಜ್ಞಾನದ ಮೇಡಂ ಹೇಳೋರು. ಇವತ್ತಿನ ಮೊಸರಿಂದ ಒಂದು ಚಮಚ ತೆಗೆದಿಟ್ಟರೆ ನಾಳೆಯ ಮೊಸರು. ಯಾರಾದರೂ ಅದನ್ನೂ ಮರೆತು ತಿಂದುಬಿಟ್ಟರೆ ಪಕ್ಕದ ಮನೆಯಿಂದ ಇಸ್ಕೊಂಡು ಬರಬೇಕು. ಅವರದು ಮುಗಿದ ದಿನ ನಮ್ಮದು ಹೋಗುತ್ತೆ. ಎದುರುಮನೆ ಸಾಬರ ಮಗಳು ಬಾಣಂತನಕ್ಕೆ ಬಂದಾಗಲೂ ನಮ್ಮ ಮನೆಯದೇ ಹೋಗಿತ್ತು. ಈ ಬೀದೀಲಿ ಅರ್ಧ ಮನೆಗಳ ಮೊಸರು ಒಂದೇ ವಂಶ ಕಣೋ. ಜಾತಿ ಬೇರೆ, ದೇವರು ಬೇರೆ, ಮೊಸರು ಮಾತ್ರ ಒಂದೇ. ಇದು ಮುಗಿಯೋ ಕೆಲಸ ಅಲ್ಲ ನಿಜ. ಮುಗಿಯಲಿ ಅಂತ ನನಗೆ ಆಸೆಯೂ ಇಲ್ಲ. ಮುಗಿದ ದಿನ ನಾವು ಯಾರೂ ಇಲ್ಲ ಅಂತಲೇ ಅರ್ಥ.

ಅಳಿಯ: ನೀವು ಹೇಳಿದರೆ ಚೆನ್ನಾಗಿರುತ್ತೆ ಅತ್ತೆ. ಆದರೆ ನಿಮಗೂ ಸಾಕಪ್ಪಾ ಅನ್ನಿಸಿಲ್ಲವಾ?

ಅತ್ತೆ: ಅನ್ನಿಸದೆ? ಸ್ಕೂಲಿಂದ ಬಂದು ಸೆರಗು ಕಟ್ಟಿ ನಿಂತರೆ ಕಣ್ಣಲ್ಲಿ ನೀರು ಬರ್ತಿದ್ದ ದಿನಗಳಿವೆ. ಒಂದು ವಿಷಯ ಹೇಳ್ತೀನಿ, ನಿಮ್ಮ ಮಾವನ ಬಗ್ಗೆ. ಅವರು ಇದ್ದಾಗಲೂ ಇದನ್ನ ಹೇಳಬೇಡ ಅಂದವರಲ್ಲ. ಆ ಹಿತ್ತಾಳೆ ಫಿಲ್ಟರ್ ಇದೆಯಲ್ಲ, ಅದರಲ್ಲಿ ದಿನಾ ಐದು ಜನಕ್ಕೆ ಕಾಫಿ. ಮೊದಲನೇ ಡಿಕಾಕ್ಷನ್ ಗಟ್ಟಿ. ಮಾವನವರಿಗೆ, ಅತ್ತೆಯವರಿಗೆ, ಇವರಿಗೆ, ಓದ್ತಾ ಕೂತಿರೋ ದೊಡ್ಡವನಿಗೆ, ಅಷ್ಟಕ್ಕೆ ಅದು ಖಾಲಿ. ಮತ್ತೆ ಬಿಸಿನೀರು ಹುಯ್ದರೆ ಎರಡನೇದು ಇಳಿಯುತ್ತೆ. ನೀರುನೀರಾಗಿ, ಬಣ್ಣ ಮಾತ್ರ. ಅದು ನನಗೆ. ನಮ್ಮಮ್ಮನೂ ಅದನ್ನೇ ಕುಡೀತಿದ್ದಳು, ಹಾಗಾಗಿ ಅದು ಏನೋ ಅನ್ಯಾಯ ಅಂತ ನನಗೆ ಹೊಳೆದೂ ಇರಲಿಲ್ಲ.

ಅಳಿಯ: ಮಾವನಿಗೆ ಗೊತ್ತಿರಲಿಲ್ಲವಾ?

ಅತ್ತೆ: ಹೇಗೆ ಗೊತ್ತಾಗುತ್ತೆ? ಅವರಿಗೆ ಲೋಟ ಕೈಗೆ ಬರ್ತಿತ್ತು. ಒಂದು ಸಲ ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಮಣಿಕಟ್ಟು ಮುರೀತು. ಪ್ಲಾಸ್ಟರ್ ಹಾಕಿದರು. ಆವಾಗ ಕಾಫಿ ಇವರ ಪಾಲಿಗೆ ಬಂತು. ನಾನು ಬಾಗಿಲಲ್ಲಿ ಕೂತು ಹೇಳಿದ್ದು, ಅವರು ಮಾಡಿದ್ದು. ಇಷ್ಟು ಪುಡಿ, ಹೀಗೆ ಅದುಮಿ, ನೀರು ಮಳ್ಳಬೇಕು, ಒಂದೇ ಸಲ ಹುಯ್ಯಬೇಡಿ ಅಂತ. ನಾಲ್ಕು ಲೋಟ ಬೆರೆಸಿದರು. ಕೆಳಗಿನ ಪಾತ್ರೆ ನೋಡಿದರೆ ಖಾಲಿ. ‘ನಿನಗೆ?’ ಅಂದರು. ‘ಮತ್ತೆ ನೀರು ಹುಯ್ದು ಎರಡನೇದರಲ್ಲಿ ಬೆರೆಸಿ’ ಅಂದೆ. ಬೆರೆಸಿದರು. ಅದನ್ನ ನನಗೆ ಕೊಡೋ ಮುಂಚೆ ಒಂದು ಗುಟುಕು ಕುಡಿದು ನೋಡಿದರು. ಏನೂ ಮಾತಾಡಲಿಲ್ಲ.

ಅಳಿಯ: ಆಮೇಲೆ?

ಅತ್ತೆ: ಮಾರನೇ ದಿನ ಫಿಲ್ಟರಿಗೆ ಇನ್ನೊಂದು ಚಮಚ ಪುಡಿ ಹಾಕಿದರು. ನೀರೂ ಅಷ್ಟು ಜಾಸ್ತಿ. ಐದು ಲೋಟಕ್ಕೂ ಮೊದಲನೇದೇ. ಕ್ಷಮೆ ಗಿಮೆ ಕೇಳಲಿಲ್ಲ, ನಾನೂ ಕೇಳಿಸ್ಕೊಬೇಕು ಅಂತಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆಳಗಿನ ಕಾಫಿ ಅವರದ್ದೇ ಆಯ್ತು. ಅವರು ಹೋಗೋವರೆಗೂ. ನೀನು ಕೇಳಿದೆಯಲ್ಲ, ಚೆಲುವು ಎಲ್ಲಿದೆ ಅಂತ. ನಾನು ವರ್ಷಗಟ್ಟಲೆ ಎರಡನೇ ಡಿಕಾಕ್ಷನ್ ಕುಡಿದದ್ದರಲ್ಲಿ ಚೆಲುವು ಇರಲಿಲ್ಲ. ಅದನ್ನ ಯಾರಾದರೂ ತ್ಯಾಗ ಅಂತ ಹೊಗಳಿದರೆ ನನಗೆ ಸಿಟ್ಟು ಬರುತ್ತೆ. ಆ ಒಂದು ಚಮಚ ಪುಡಿ ಜಾಸ್ತಿ ಹಾಕಿದರಲ್ಲ, ಅದರಲ್ಲಿತ್ತು. ಆ ಚಮಚ ಹಾಕಬೇಕು ಅಂತ ಅವರಿಗೆ ಗೊತ್ತಾಗಿದ್ದು ಫಿಲ್ಟರ್ ಕೈಗೆ ತಗೊಂಡಿದ್ದರಿಂದ. ಕೂತು ಯೋಚನೆ ಮಾಡಿದ್ದರೆ ನೂರು ವರ್ಷಕ್ಕೂ ಗೊತ್ತಾಗ್ತಿರಲಿಲ್ಲ.

ಅಳಿಯ: ನಾನು ಏನೂ ಮಾಡಲ್ಲ ಅಂತಲ್ಲ ಅತ್ತೆ. ಏನು ಮಾಡಲಿ ಅಂತ ಅವಳನ್ನ ಕೇಳ್ತಾನೇ ಇರ್ತೀನಿ. ಹೇಳಿದ್ದೆಲ್ಲ ಮಾಡ್ತೀನಿ. ಆದರೂ ಅವಳಿಗೆ ಸಮಾಧಾನ ಇಲ್ಲ.

ಅತ್ತೆ: ಏನು ಮಾಡಬೇಕು ಅಂತ ನೆನಪಿಟ್ಟುಕೊಳ್ಳೋ ಕೆಲಸ ಅವಳ ತಲೇಲೇ ಉಳೀತಲ್ಲ! ಹಾಲು ಎಷ್ಟಿದೆ, ಮಗಳ ಯೂನಿಫಾರ್ಮ್ ಒಣಗಿದೆಯಾ, ಹುಳಿಪುಡಿ ಮುಗೀತಾ ಬಂತು, ಗ್ಯಾಸ್ ಬುಕ್ ಮಾಡಬೇಕು. ಇದು ಯಾವ ಸಮೀಕ್ಷೆಯ ನಿಮಿಷದ ಲೆಕ್ಕಕ್ಕೆ ಸಿಗುತ್ತೋ ನನಗಂತೂ ಕಾಣೆ. ಕೈ ಬಿಡುವಾಗಿದ್ದರೂ ತಲೆಗೆ ಬಿಡುವಿಲ್ಲ. ಹೆಪ್ಪು ಹಾಕೋದು ಎರಡು ನಿಮಿಷದ ಕೆಲಸ. ಹೆಪ್ಪು ಹಾಕಬೇಕು ಅಂತ ದಿನಾ ರಾತ್ರಿ ನೆನಪಾಗಬೇಕಲ್ಲ, ಕೆಲಸ ಇರೋದು ಅದರಲ್ಲಿ. ಪ್ರೀತಿ ಇರೋದೂ ಅದರಲ್ಲೇ. ಒಬ್ಬರ ಬಗ್ಗೆ ಅವರು ಎದುರಿಗಿಲ್ಲದಾಗಲೂ ಯೋಚನೆ ಮಾಡ್ತೀವಲ್ಲ, ಪ್ರೀತಿಗೆ ಅದಕ್ಕಿಂತ ಬೇರೆ ಗುರುತು ನನಗೆ ಗೊತ್ತಿಲ್ಲ.

ಅಳಿಯ: ಹಾಗಾದರೆ ನಾನು ಎಲ್ಲಿಂದ ಶುರು ಮಾಡಲಿ?

ಅತ್ತೆ: ಹತ್ತು ಕೆಲಸಕ್ಕೆ ಕೈ ಹಾಕಬೇಡ. ಒಂದು ತಗೋ. ಪೂರ್ತಿ ತಗೋ. ಮಗಳಿಗೆ ಊಟದ ಡಬ್ಬಿ ಯಾರು ಕಟ್ಟೋದು?

ಅಳಿಯ: ಅವಳೇ. ಬೆಳಗ್ಗೆ ಆರಕ್ಕೇ ಎದ್ದು ಮಾಡ್ತಾಳೆ. ನಾನು ವ್ಯಾನ್ ಹತ್ತಿಸ್ತೀನಿ.

ಅತ್ತೆ: ನಾಳೆಯಿಂದ ಅದು ನಿನ್ನದು. ಏನು ಮಾಡಬೇಕು ಅಂತ ಹಿಂದಿನ ರಾತ್ರಿ ಯೋಚಿಸೋದು ನಿನ್ನದು. ತರಕಾರಿ ಇದೆಯಾ ನೋಡೋದು, ಕಟ್ಟೋದು, ಸಂಜೆ ಬಂದು ಮುಚ್ಚಳ ತೆಗೆದು ನೋಡೋದು, ತೊಳೆಯೋದು, ಎಲ್ಲ ನಿನ್ನದೇ. ಮೊದಲು ಕೆಡುತ್ತೆ. ಚಿತ್ರಾನ್ನಕ್ಕೆ ಉಪ್ಪು ಮರೀತೀಯ, ಚಪಾತಿ ಹಪ್ಪಳ ಆಗುತ್ತೆ. ನಿನ್ನ ಹೆಂಡತಿ ತಾನೇ ಮಾಡ್ತೀನಿ ಬಿಡಿ ಅಂತ ಬರ್ತಾಳೆ. ಬಿಟ್ಟುಕೊಡಬೇಡ. ಆನ್‌ಲೈನಲ್ಲಿ ತರಿಸಿಬಿಡೋಣ ಅನ್ನಿಸುತ್ತೆ. ಎಂದಾದರೂ ಒಂದು ದಿನ ತರಿಸು, ತಪ್ಪಿಲ್ಲ, ಆದರೆ ಅದನ್ನೇ ರೂಢಿ ಮಾಡ್ಕೋಬೇಡ.

ಅಳಿಯ: ಡಬ್ಬಿ ಕಟ್ಟಿದರೆ ಮನೆ ಲಾಡ್ಜ್ ಆಗೋದು ತಪ್ಪುತ್ತಾ?

ಅತ್ತೆ: ನಾನು ಮಾತು ಕೊಡಲ್ಲ. ಗಂಡ ಹೆಂಡತಿ ನಡುವೆ ಬೇರೆ ಏನೇನು ಇದೆಯೋ ಅದು ನೀವಿಬ್ಬರೂ ಕೂತು ಮಾತಾಡಬೇಕು. ಆದರೆ ಆ ಮಗು ಬೀನ್ಸ್ ಪಲ್ಯ ಯಾಕೆ ಬಿಡ್ತಾಳೆ, ಯಾವ ಗೆಳತಿಗೆ ಅರ್ಧ ಕೊಡ್ತಾಳೆ, ಯಾವ ದಿನ ಏನೂ ತಿನ್ನದೆ ತಂದಿದ್ದಾಳೆ, ಆ ದಿನ ಸ್ಕೂಲಲ್ಲಿ ಏನಾಯ್ತು, ಇಷ್ಟು ನಿನಗೆ ಗೊತ್ತಾಗುತ್ತೆ. ಇಷ್ಟು ದಿನ ಅದೆಲ್ಲ ಅವಳೊಬ್ಬಳಿಗೇ ಗೊತ್ತಿತ್ತು. ಇಬ್ಬರಿಗೂ ಗೊತ್ತಾದರೆ ಫೀಸು, ಬಿಲ್ಲು ಬಿಟ್ಟು ಮಾತಾಡೋಕೆ ಒಂದು ವಿಷಯ ಸಿಗುತ್ತೆ. ಸರಿ, ಕಾಳು ಆಯ್ತು, ಏಳು. ಅವಳಿಗೂ ಮಗುವಿಗೂ ಹಿತಕಿದ ಬೇಳೆ ಸಾರು ತಗೊಂಡು ಹೋಗುವೆಯಂತೆ. ಸಂಕ್ರಾಂತಿ ಕಳೆದ ಮೇಲೆ ಫೋನ್ ಮಾಡು, ಡಬ್ಬೀಲಿ ಏನೇನು ವಾಪಸ್ ಬರ್ತಿದೆ ಅಂತ ನೀನೇ ನನಗೆ ಹೇಳು. ಅವಳ ಕೈಲಿ ಹೇಳಿಸಬೇಡ.